ವಾದಕ್ಕೆ ಬಲ ಬರುವುದು ಎಲ್ಲಿಂದ?

ವಿದ್ಯಾರ್ಥಿ ಮಿತ್ರರೆ, ಕಾಗದ ಪೆನ್ಸಿಲ್ ಹತ್ತಿರವಿಟ್ಟುಕೊಂಡು ಮೊದಲು ಈ ಪ್ರಶ್ನೆಯನ್ನು ಓದಿ. ಉತ್ತರವನ್ನು ಗುರುತು ಹಾಕಿಕೊಂಡ ಮೇಲೆಯೇ ಮುಂದಕ್ಕೆ ಹೋಗಿ.

ಒಂದು ಪಟ್ಟಣದ ಬಸ್ ನಿಲ್ದಾಣದ ಎದುರಿನ ವೃತ್ತದಲ್ಲಿ ಒಂದು ವರ್ಷ 24 ಅಪಘಾತಗಳಾದವು. ವರ್ಷದ ಕೊನೆಗೆ ಪುರಸಭೆಯವರು ವೃತ್ತಕ್ಕೆ ಬರುವ ನಾಲ್ಕೂ ರಸ್ತೆಗಳಲ್ಲಿ ಹಂಪ್ ಹಾಕಿಸಿದರು. ಮರು ವರ್ಷ ಅಲ್ಲಿ ಆದ ಅಪಘಾತಗಳು 9 ಮಾತ್ರ. ಆದ್ದರಿಂದ ಅಪಘಾತಗಳು ಕಡಿಮೆಯಾಗಲು ಹಂಪುಗಳೇ ಕಾರಣ. ಕೆಳಗಿನವುಗಳಲ್ಲಿ ಯಾವುದು ನಿಜವಾಗಿದ್ದರೆ ಈ ವಾದಕ್ಕೆ ಎಲ್ಲಕ್ಕಿಂತ ಹೆಚ್ಚು ಬಲ ಬರುತ್ತದೆ?

(ಅ) ಹಂಪುಗಳನ್ನು ಎಂಜಿನಿಯರುಗಳ ಉಸ್ತುವಾರಿಯಲ್ಲಿ ಸರಿಯಾದ ಅಳತೆಗೆ ಕಟ್ಟಲಾಗಿತ್ತು.
(ಆ) ಎರಡೂ ವರ್ಷಗಳಲ್ಲಿ ವೃತ್ತದ ಮೂಲಕ ಹಾದುಹೋದ ವಾಹನಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಆಗಿತ್ತು.
(ಇ) ಅಪಘಾತ ಕಡಿಮೆಯಾದದ್ದು ಹಂಪುಗಳಿಂದಲೇ ಎಂದು ಊರಿನ ಬಹುಪಾಲು ಜನ ನಂಬಿದ್ದಾರೆ.
(ಈ) ಹಂಪ್ ಹಾಕದ ಬೇರೆ ವೃತ್ತಗಳಲ್ಲಿಯೂ ಅದೇ ವರ್ಷ ಅಪಘಾತಗಳು ಕಡಿಮೆಯಾದವು.
(ಉ) ಸಿಗ್ನಲ್ ದೀಪ ಹಾಕಿಸುವುದಕ್ಕಿಂತ ಹಂಪ್ ಹಾಕಿಸುವುದು ಅಗ್ಗ.

ಇದು ನಾನು ಈ ಮಾತಿಗಾಗಿ ಕಟ್ಟಿದ ಪ್ರಶ್ನೆ. ಆದರೆ ಇದರ ಜಾತಿ ಹೊಸದಲ್ಲ. ಅಮೆರಿಕದ ಕಾನೂನು ಕಾಲೇಜುಗಳಿಗೆ ಸೇರಬಯಸುವವರಿಗಾಗಿ 1948ರಲ್ಲಿ ಆರಂಭವಾದ ಎಲ್‌ಸ್ಯಾಟ್ ಮತ್ತು ಮ್ಯಾನೇಜ್‌ಮೆಂಟ್ ಶಾಲೆಗಳಿಗಾಗಿ 1954ರಲ್ಲಿ ಆರಂಭವಾದ ಜಿಮ್ಯಾಟ್, ಈ ಎರಡು ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆಗಳಿಗೆ ದೊಡ್ಡ ಸ್ಥಾನವಿದೆ. ಎಲ್‌ಸ್ಯಾಟ್ 2024ರ ಆಗಸ್ಟ್‌ನಲ್ಲಿ ಒಗಟಿನಂತಿದ್ದ ತರ್ಕದ ಆಟಗಳನ್ನು ಕೈಬಿಟ್ಟು, ಅಂಕ ಲೆಕ್ಕಕ್ಕೆ ಬರುವ ಮೂರು ವಿಭಾಗಗಳಲ್ಲಿ ಎರಡನ್ನು ವಾದ ಪರಿಶೀಲನೆಗೇ ಮೀಸಲಿಟ್ಟಿತು. ಜಿಮ್ಯಾಟ್‌ನ ಭಾಷಾ ವಿಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆಗಳು. ಅಂದರೆ ಒಂದಕ್ಕೆ ಎರಡು ನಿಮಿಷವೂ ಪೂರ್ತಿ ಸಿಗುವುದಿಲ್ಲ. ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿಗೆ ಪಿಯುಸಿ ಮುಗಿಸಿ ಹೋಗಬೇಕೆನ್ನುವವರು ಬರೆಯುವ ಕ್ಲ್ಯಾಟ್ ಪರೀಕ್ಷೆಯಲ್ಲಿಯೂ ತರ್ಕದ ವಿಭಾಗವಿದೆ. ಅಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಒಟ್ಟು ಎರಡು ಗಂಟೆ, 120 ಪ್ರಶ್ನೆ.

ಈ ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲಿ ನಡೆಯುವುದರಿಂದ ಕನ್ನಡ ಮಾಧ್ಯಮದಲ್ಲಿ ಓದಿದವರು ‘ನಮಗೆ ಇಂಗ್ಲಿಷ್ ಸಾಲದು, ಅದಕ್ಕೇ ತಪ್ಪಾಗುತ್ತದೆ’ ಎಂದುಕೊಳ್ಳುವುದುಂಟು. ಭಾಷೆಯ ತೊಡಕು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮೇಲಿನ ಪ್ರಶ್ನೆ ಕನ್ನಡದಲ್ಲಿಯೇ ಇದೆ. ಅದಕ್ಕೆ ನೀವು (ಅ) ಎಂದೋ (ಇ) ಎಂದೋ ಗುರುತು ಹಾಕಿದ್ದರೆ ತೊಂದರೆ ಇಂಗ್ಲಿಷಿನದಲ್ಲ.

ಸರಿಯಾದ ಉತ್ತರ (ಆ). ಏಕೆ ಎಂಬುದನ್ನು ಬಿಡಿಸಿ ನೋಡೋಣ.

ಯಾವ ವಾದದಲ್ಲಿಯೂ ಎರಡು ತುದಿಗಳಿರುತ್ತವೆ. ಒಂದು ತುದಿಯಲ್ಲಿ ಆಧಾರ, ಇನ್ನೊಂದರಲ್ಲಿ ತೀರ್ಮಾನ. ಗುರುತಿಸುವುದಕ್ಕೆ ಸುಲಭವಾದ ಒಂದು ಉಪಾಯವಿದೆ. ಓದಿದ್ದನ್ನು ಮನಸ್ಸಿನಲ್ಲಿಯೇ ನಿಮ್ಮ ಮನೆಮಾತಿಗೆ ತಂದುಕೊಳ್ಳಿ. ‘ಆದ್ದರಿಂದ’ ಎಂಬ ಮಾತು ಯಾವ ವಾಕ್ಯದ ಮುಂದೆ ಸಲೀಸಾಗಿ ಕೂರುತ್ತದೋ ಅದು ತೀರ್ಮಾನ. ‘ಏಕೆಂದರೆ’ ಎಂಬುದು ಯಾವುದರ ಮುಂದೆ ಕೂರುತ್ತದೋ ಅದು ಆಧಾರ. ಇಲ್ಲಿ ಆಧಾರವೆಂದರೆ ಅಪಘಾತಗಳು 24ರಿಂದ 9ಕ್ಕೆ ಇಳಿದವು ಎಂಬುದು. ಅದನ್ನು ಯಾರೂ ಪ್ರಶ್ನಿಸುತ್ತಿಲ್ಲ, ನೀವೂ ಪ್ರಶ್ನಿಸಬೇಕಾಗಿಲ್ಲ. ತೀರ್ಮಾನವೆಂದರೆ ‘ಹಂಪುಗಳೇ ಕಾರಣ’ ಎಂಬುದು. ಈ ಎರಡರ ನಡುವೆ ಒಂದು ಕಂದಕವಿದೆ. ಹಂಪ್ ಹಾಕಿದ ಮೇಲೆ ಅಪಘಾತ ಇಳಿಯಿತು ಎಂದ ಮಾತ್ರಕ್ಕೆ ಹಂಪಿನಿಂದಲೇ ಇಳಿಯಿತು ಎಂದಾಗುವುದಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಮ್ಮ ಹಿರಿಯರು ನಗೆಯಾಡುವುದು ಈ ಕಂದಕವನ್ನು ಕಂಡೇ.

ಹಾಗಾದರೆ ಬೇರೆ ಏನಾಗಿರಬಹುದು? ಅದೇ ವರ್ಷ ಬೈಪಾಸ್ ರಸ್ತೆ ತೆರೆದು ಲಾರಿಗಳೆಲ್ಲ ಅತ್ತ ತಿರುಗಿರಬಹುದು. ಬಸ್ ನಿಲ್ದಾಣವೇ ಊರ ಹೊರಕ್ಕೆ ಹೋಗಿರಬಹುದು. ಹೀಗೆ ಯೋಚಿಸಿದವರಿಗೆ (ಆ) ಥಟ್ಟನೆ ಕಣ್ಣಿಗೆ ಬೀಳುತ್ತದೆ. ವಾಹನಗಳ ಸಂಖ್ಯೆ ಬದಲಾಗಿಲ್ಲ ಎಂದಾದರೆ ಒಂದು ದೊಡ್ಡ ಪ್ರತಿಸ್ಪರ್ಧಿ ಕಾರಣ ಕಣದಿಂದ ಹೊರಬಿತ್ತು. ಹಂಪಿನ ವಾದಕ್ಕೆ ಅಷ್ಟರಮಟ್ಟಿಗೆ ಬಲ ಬಂತು. ವಾದ ಸಾಬೀತಾಯಿತೆ? ಇಲ್ಲ. ಹೊಸ ಪೊಲೀಸ್ ಪೇದೆಯೊಬ್ಬ ಅಲ್ಲಿ ನಿಂತಿದ್ದರೂ ನಿಂತಿದ್ದನೇ. ಪ್ರಶ್ನೆ ಕೇಳುವುದು ಬಲಪಡಿಸು ಎಂದು, ಸಾಬೀತುಪಡಿಸು ಎಂದಲ್ಲ.

ಇನ್ನು ಉಳಿದವು. (ಈ) ವಾದವನ್ನು ದುರ್ಬಲಗೊಳಿಸುತ್ತದೆ. ಹಂಪ್ ಇಲ್ಲದ ಕಡೆಯೂ ಇಳಿದಿದ್ದರೆ ಊರಿಗೆಲ್ಲ ಸಾಮಾನ್ಯವಾದ ಬೇರೊಂದು ಕಾರಣವಿರಬೇಕು. (ಉ) ಹಂಪ್ ಹಾಕಿಸಬೇಕೆ ಬೇಡವೆ ಎಂಬ ಬೇರೆಯೇ ತೀರ್ಮಾನಕ್ಕೆ ಸಂಬಂಧಿಸಿದ್ದು. (ಇ)ಯಲ್ಲಿ ಇರುವುದು ಜನರ ನಂಬಿಕೆ. ನಂಬಿಕೆ ಇರುವವರ ಸಂಖ್ಯೆ ಹೆಚ್ಚಿದ್ದರೆ ನಂಬಿಕೆ ನಿಜವಾಗಬೇಕಿಲ್ಲ. (ಅ) ಮಾತ್ರ ಹೆಚ್ಚು ಜನರನ್ನು ಸೆಳೆಯುವ ಬಲೆ. ಅದು ಹಂಪುಗಳನ್ನು ಹೊಗಳುತ್ತದೆ. ನಾವು ಹಂಪಿನ ಪಕ್ಷ ಹಿಡಿದಿದ್ದೇವೆ, ಹೊಗಳಿಕೆ ನಮ್ಮ ಪಕ್ಷದ್ದು ಎಂದು ಕೈ ಅತ್ತ ಹೋಗುತ್ತದೆ. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಬೈಪಾಸ್ ರಸ್ತೆಯ ಅನುಮಾನ ಹೋಗಲಿಲ್ಲ. ಕಂದಕ ಇದ್ದಲ್ಲಿಯೇ ಇದೆ.

ಇಷ್ಟು ತಿಳಿದರೆ ಅರ್ಧ ದಾರಿ ಸಾಗಿದಂತೆ. ವಾದಕ್ಕೆ ಬಲ ಬರುವುದು ತೀರ್ಮಾನವನ್ನು ಗಟ್ಟಿಯಾಗಿ ಮತ್ತೊಮ್ಮೆ ಹೇಳುವುದರಿಂದಲ್ಲ, ಅದು ಮುರಿಯಬಹುದಾದ ಜಾಗವನ್ನು ಹುಡುಕಿ ಅಲ್ಲಿ ಆಸರೆ ಕೊಡುವುದರಿಂದ. ಅದಕ್ಕಾಗಿ ಆಯ್ಕೆಗಳನ್ನು ಓದುವ ಮೊದಲು ಎದುರು ಪಕ್ಷದ ವಕೀಲರಾಗಿ ಅರ್ಧ ನಿಮಿಷ ಯೋಚಿಸಬೇಕಾಗುತ್ತದೆ.

ಇದು ಪರೀಕ್ಷೆಗೆಂದು ಹುಟ್ಟಿದ ಕಸರತ್ತಲ್ಲ. ವಿಜ್ಞಾನದ ಚರಿತ್ರೆಯಲ್ಲಿ ಇಂಥ ಪ್ರಶ್ನೆಗೆ ಬೀದಿ ಬೀದಿ ಅಲೆದು ಉತ್ತರ ಹುಡುಕಿದವರಿದ್ದಾರೆ. ಅವರಲ್ಲಿ ಒಬ್ಬ ಲಂಡನ್ನಿನ ವೈದ್ಯ ಜಾನ್ ಸ್ನೋ. 1854ರ ಆಗಸ್ಟ್ ಕೊನೆಯಲ್ಲಿ ಆ ನಗರದ ಸೋಹೊ ಎಂಬ ಭಾಗದಲ್ಲಿ ಕಾಲರಾ ಎದ್ದು ಹತ್ತೇ ದಿನಗಳಲ್ಲಿ ಐನೂರಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡಿತು. ಸತ್ತವರ ಮನೆಗಳನ್ನು ಲೆಕ್ಕ ಹಾಕಿದರೆ ಹೆಚ್ಚಿನವು ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಕೈಪಂಪಿನ ಸುತ್ತಮುತ್ತ ಇದ್ದವು. ಸ್ನೋನ ವಾದ ಇಷ್ಟು: ಸಾವುಗಳು ಪಂಪಿನ ಸುತ್ತ ಕಿಕ್ಕಿರಿದಿವೆ, ಆದ್ದರಿಂದ ಆ ಪಂಪಿನ ನೀರೇ ಕಾಲರಾ ಹರಡಿತು.

ಈಗ ಎದುರು ಪಕ್ಷದ ವಕೀಲರಾಗಿ. ಆ ಕಾಲದ ಹೆಚ್ಚಿನ ವೈದ್ಯರು ಕಾಲರಾ ಬರುವುದು ಕೊಳಕು ಜಾಗದಿಂದ ಏಳುವ ಕೆಟ್ಟ ಗಾಳಿಯಿಂದ ಎಂದು ನಂಬಿದ್ದರು. ರೋಗಾಣುವನ್ನು ರಾಬರ್ಟ್ ಕಾಕ್ ನಮ್ಮ ಕಲ್ಕತ್ತೆಯಲ್ಲಿ ಬೇರ್ಪಡಿಸಿ ತೋರಿಸಿದ್ದು ಮೂವತ್ತು ವರ್ಷಗಳ ಅನಂತರ, 1884ರಲ್ಲಿ. ಪಂಪಿನ ಸುತ್ತ ಇರುವವರು ಒಂದೇ ನೀರು ಕುಡಿಯುತ್ತಿದ್ದರು, ನಿಜ. ಒಂದೇ ಗಾಳಿಯನ್ನೂ ಉಸಿರಾಡುತ್ತಿದ್ದರಲ್ಲ! ಆದ್ದರಿಂದ ‘ಪಂಪಿಗೆ ಇನ್ನೂ ಹತ್ತಿರದ ಮನೆಗಳಲ್ಲಿ ಇನ್ನೂ ಹೆಚ್ಚು ಸಾವುಗಳಾದವು’ ಎಂದು ಎಷ್ಟು ಸಲ ಹೇಳಿದರೂ ಗಾಳಿಯ ವಾದ ಅಲುಗುವುದಿಲ್ಲ. ಹತ್ತಿರದಲ್ಲಿ ಗಾಳಿಯೂ ಹೆಚ್ಚು ಕೆಟ್ಟಿತ್ತು ಎಂದು ಅವರು ಸಲೀಸಾಗಿ ಹೇಳಬಲ್ಲರು. ನೀರನ್ನೂ ಗಾಳಿಯನ್ನೂ ಬೇರೆ ಬೇರೆ ಮಾಡುವ ಸಂಗತಿ ಬೇಕು.

ಸ್ನೋ ಅಂಥವನ್ನು ಹುಡುಕಿದ. ಅದೇ ಬ್ರಾಡ್ ಸ್ಟ್ರೀಟಿನಲ್ಲಿ ಬಿಯರ್ ತಯಾರಿಸುವ ಒಂದು ಕಾರ್ಖಾನೆ ಇತ್ತು. ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು. ಅವರಲ್ಲಿ ಒಬ್ಬನೂ ಕಾಲರಾದಿಂದ ಸಾಯಲಿಲ್ಲ. ವಿಚಾರಿಸಿದರೆ, ಅವರಿಗೆ ಕುಡಿಯಲು ಕಾರ್ಖಾನೆಯ ಪಾನೀಯವೇ ಸಿಗುತ್ತಿತ್ತು, ಒಳಗೇ ಬೇರೆ ಆಳವಾದ ಬಾವಿಯೂ ಇತ್ತು, ಬೀದಿ ಪಂಪಿನ ಹತ್ತಿರ ಅವರು ಹೋಗುತ್ತಿರಲಿಲ್ಲ. ಹತ್ತಿರದ ಪೋಲೆಂಡ್ ಸ್ಟ್ರೀಟಿನ ವರ್ಕ್‌ಹೌಸಿನಲ್ಲಿ 535 ಬಡವರಿದ್ದರು. ಸುತ್ತಲ ಮನೆಗಳಲ್ಲೆಲ್ಲ ಸಾವು, ಅಲ್ಲಿ ಸತ್ತವರು ಐದೇ ಜನ. ಅವರಿಗೂ ಸ್ವಂತ ಬಾವಿಯಿತ್ತು. ಗಾಳಿ ಅದೇ, ನೀರು ಬೇರೆ, ರೋಗ ಇಲ್ಲ.

ಇದರ ತಿರುವುಮುರುವು ಸಂಗತಿ ಇನ್ನೂ ಸೊಗಸಾದದ್ದು. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಿಧವೆಯೊಬ್ಬಳು ಕಾಲರಾದಿಂದ ತೀರಿಕೊಂಡಿದ್ದಳು. ಅವಳು ಬ್ರಾಡ್ ಸ್ಟ್ರೀಟ್ ಕಡೆಗೆ ಬಂದು ಎಷ್ಟೋ ತಿಂಗಳಾಗಿತ್ತು. ಆದರೆ ಅಲ್ಲಿಯ ನೀರಿನ ರುಚಿ ಅವಳಿಗೆ ಇಷ್ಟವೆಂದು ಒಂದು ಗಾಡಿ ದಿನವೂ ಆ ಪಂಪಿನಿಂದ ಒಂದು ಬಾಟಲಿ ನೀರು ಒಯ್ದು ಕೊಡುತ್ತಿತ್ತು. ಅವಳನ್ನು ನೋಡಲು ಬಂದಿದ್ದ ಅವಳ ಬಂಧುವಿನ ಮಗಳೊಬ್ಬಳು ಅದೇ ನೀರು ಕುಡಿದು ಇಸ್ಲಿಂಗ್ಟನ್‌ಗೆ ಮರಳಿದಳು, ಅವಳೂ ಸತ್ತಳು. ಗಾಳಿ ಬೇರೆ, ನೀರು ಅದೇ, ರೋಗ ಬಂತು.

ಪರೀಕ್ಷೆಯ ಕೋಣೆಯಲ್ಲಿ ‘ಬಿಯರ್ ಕಾರ್ಖಾನೆಯ ಕೆಲಸಗಾರರು ಪಾನೀಯವನ್ನಷ್ಟೇ ಕುಡಿಯುತ್ತಿದ್ದರು’ ಎಂಬ ಆಯ್ಕೆ ಎದುರಾದರೆ ನೀವು ಏನು ಮಾಡುತ್ತಿದ್ದಿರಿ? ‘ಪಂಪಿನ ಮಾತೇ ಇಲ್ಲ, ಇದು ವಿಷಯಕ್ಕೆ ಹೊರಗಿನದು’ ಎಂದು ಹೊಡೆದುಹಾಕುವವರೇ ಹೆಚ್ಚು. ಗೈಡುಗಳಲ್ಲಿ ‘ಹೊಸ ವಿಷಯ ತರುವ ಆಯ್ಕೆಯನ್ನು ಬಿಡಿ’ ಎಂಬ ಸೂತ್ರ ಅಚ್ಚಾಗಿರುವುದನ್ನು ನೀವು ಕಂಡಿರಬಹುದು. ಆ ಸೂತ್ರ ಬೇರೊಂದು ಜಾತಿಯ ಪ್ರಶ್ನೆಗೆ, ಅಂದರೆ ಕೊಟ್ಟ ಮಾತುಗಳಿಂದ ಏನನ್ನು ತೀರ್ಮಾನಿಸಬಹುದು ಎಂದು ಕೇಳುವ ಪ್ರಶ್ನೆಗೆ ಸರಿ. ಬಲಪಡಿಸುವ ಪ್ರಶ್ನೆಗೆ ಅದನ್ನು ತಂದರೆ ಅನರ್ಥ. ಇಲ್ಲಿ ಸರಿಯುತ್ತರ ಸಾಮಾನ್ಯವಾಗಿ ಹೊಸ ಸುದ್ದಿಯನ್ನು ತಂದೇ ತರುತ್ತದೆ. ಹಳೆಯ ಸುದ್ದಿಯಿಂದಲೇ ಕಂದಕ ಮುಚ್ಚುವಂತಿದ್ದರೆ ಪ್ರಶ್ನೆಯೇ ಇರುತ್ತಿರಲಿಲ್ಲ. ಹಾಗೆಯೇ ‘ಎಲ್ಲರೂ’, ‘ಯಾವಾಗಲೂ’ ಎಂಬ ಅತಿರೇಕದ ಮಾತುಗಳನ್ನು ಕಂಡು ಹೆದರುವ ಅಭ್ಯಾಸ. ತೀರ್ಮಾನಿಸುವ ಪ್ರಶ್ನೆಯಲ್ಲಿ ಹೆದರಬೇಕು. ಇಲ್ಲಿ ‘ನಿಜವಾಗಿದ್ದರೆ’ ಎಂದು ಪ್ರಶ್ನೆಯೇ ಅನುಮತಿ ಕೊಟ್ಟಿದೆ. ಆಯ್ಕೆ ಎಷ್ಟು ದೊಡ್ಡ ಮಾತನಾಡಿದರೂ ಒಪ್ಪಿಕೊಂಡು, ಒಪ್ಪಿದ ಮೇಲೆ ವಾದಕ್ಕೆ ಏನಾಯಿತು ಎಂದಷ್ಟೇ ನೋಡಬೇಕು. ‘ಎಲ್ಲಾದರೂ ಹೀಗಿರುತ್ತದೆಯೆ?’ ಎಂದು ವಾದಕ್ಕೆ ನಿಂತರೆ ಕಳೆಯುವುದು ನಿಮ್ಮ ಸಮಯವೇ.

ಸ್ನೋನ ಕಥೆಯಲ್ಲಿ ಒಂದು ಭಾಗ ಎಲ್ಲರಿಗೂ ಗೊತ್ತು. ಅವನ ಮಾತು ಕೇಳಿ ಸ್ಥಳೀಯ ಅಧಿಕಾರಿಗಳು 1854ರ ಸೆಪ್ಟೆಂಬರ್ 8ರಂದು ಪಂಪಿನ ಹಿಡಿಯನ್ನು ಕಳಚಿಸಿದರು, ಕಾಲರಾ ನಿಂತಿತು. ಪಾಠಗಳಲ್ಲಿ ಇದೇ ದೊಡ್ಡ ಸಾಕ್ಷಿ ಎಂಬಂತೆ ಬರುತ್ತದೆ. ಆದರೆ ಸ್ವತಃ ಸ್ನೋ ಇದನ್ನು ದೊಡ್ಡದು ಮಾಡಲಿಲ್ಲ. ರೋಗ ಎದ್ದ ಕೂಡಲೇ ಜನ ಗುಂಪು ಗುಂಪಾಗಿ ಊರು ಬಿಟ್ಟಿದ್ದರು, ಹಿಡಿ ಕಳಚುವ ಹೊತ್ತಿಗೆ ಹೊಸ ರೋಗಿಗಳ ಸಂಖ್ಯೆ ಆಗಲೇ ಬಹಳಷ್ಟು ಇಳಿದಿತ್ತು ಎಂದು ಅವನೇ 1855ರಲ್ಲಿ ಬರೆದ. ಮತ್ತೆ ನಮ್ಮ ಹಂಪಿನ ಪ್ರಶ್ನೆಗೇ ಬಂದೆವಲ್ಲವೆ? ತನ್ನದೇ ವಾದಕ್ಕೆ ಅನುಕೂಲವಾಗಿ ಕಾಣುವ ಸಂಗತಿಯನ್ನೂ ಎದುರು ಪಕ್ಷದ ಕಣ್ಣಿನಿಂದ ನೋಡಿ ತೂಕ ಕಡಿಮೆ ಎಂದು ಪಕ್ಕಕ್ಕಿಟ್ಟ ಆ ಮನುಷ್ಯನ ಬಗ್ಗೆ ನನಗೆ ವಿಶೇಷ ಗೌರವ. ಪಂಪಿನ ಹಿಡಿಯ ಪ್ರಸಂಗ ತೆರೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಅದನ್ನು ಬಿಡಲು ನನ್ನಂಥ ಟೆಲಿವಿಷನ್ ನಿರ್ಮಾಪಕರಿಗೆ ಮನಸ್ಸಾಗುವುದಿಲ್ಲ. ತರ್ಕದ ತಕ್ಕಡಿಯಲ್ಲಿ ಮಾತ್ರ ಹ್ಯಾಂಪ್‌ಸ್ಟೆಡ್ಡಿನ ಆ ಒಂದು ಬಾಟಲಿ ನೀರಿಗೇ ಹೆಚ್ಚು ತೂಕ.

ಅವನ ಇನ್ನೊಂದು ಲೆಕ್ಕವನ್ನೂ ನೋಡಿ. ಲಂಡನ್ನಿನ ದಕ್ಷಿಣ ಭಾಗಕ್ಕೆ ಎರಡು ಕಂಪನಿಗಳು ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲಿ ನೀರೆತ್ತುವ ಜಾಗವನ್ನು ಥೇಮ್ಸ್ ನದಿಯ ಮೇಲ್ಭಾಗಕ್ಕೆ, ನಗರದ ಕೊಳಚೆ ಸೇರುವುದಕ್ಕಿಂತ ಮೇಲಕ್ಕೆ ಬದಲಾಯಿಸಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಮೊದಲಿನಂತೆ ನಗರದೊಳಗಿನ ನದಿಯಿಂದಲೇ ಎತ್ತುತ್ತಿತ್ತು. 1854ರ ಸೋಂಕಿನ ಮೊದಲ ಏಳು ವಾರಗಳಲ್ಲಿ ಪ್ರತಿ 10,000 ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ 37 ಸಾವು, ಇನ್ನೊಂದು ಕಂಪನಿಯವರಲ್ಲಿ 315. ಕೂಡಲೇ ‘ಶ್ರೀಮಂತರು ಒಳ್ಳೆಯ ನೀರು ಕೊಂಡಿರಬೇಕು, ಅವರ ಮನೆಯೂ ಊಟವೂ ಒಳ್ಳೆಯದು’ ಎಂಬ ಅನುಮಾನ ಬರಬೇಕು. ಬಂದಿದ್ದರೆ ಭೇಷ್. ಈ ವಾದವನ್ನು ಬಲಪಡಿಸುವ ಸಂಗತಿ ಇದು: ಬಹಳಷ್ಟು ಬೀದಿಗಳಲ್ಲಿ ಎರಡೂ ಕಂಪನಿಗಳ ಕೊಳಾಯಿಗಳು ಅಕ್ಕಪಕ್ಕದಲ್ಲಿಯೇ ಹೋಗಿದ್ದವು, ಒಂದು ಮನೆಗೆ ಒಂದರದು, ಪಕ್ಕದ ಮನೆಗೆ ಇನ್ನೊಂದರದು. ಬಡವ ಬಲ್ಲಿದ ಎಂಬ ಭೇದ ಅದರಲ್ಲಿರಲಿಲ್ಲ. ಈ ವಾಕ್ಯದಲ್ಲಿ ಕಾಲರಾದ ಹೆಸರೇ ಇಲ್ಲ ಎಂಬುದನ್ನು ಗಮನಿಸಿ. ಆದರೂ ವಾದಕ್ಕೆ ಬೆನ್ನೆಲುಬಾದದ್ದು ಅದೇ.

ಕೆಲವೊಮ್ಮೆ ಸರಿಯುತ್ತರ ನಮ್ಮ ವಿರುದ್ಧವೇ ಮಾತನಾಡುತ್ತಿರುವಂತೆ ತೋರುತ್ತದೆ. ನನ್ನ ವೃತ್ತಿಯಿಂದ ಒಂದು ಉದಾಹರಣೆ ಕಟ್ಟುತ್ತೇನೆ. ಒಂದು ಕಾರ್ಯಕ್ರಮಕ್ಕೆ ಪತ್ರ, ವಾಟ್ಸಪ್ ಎಲ್ಲ ಸೇರಿ 200 ಪ್ರತಿಕ್ರಿಯೆಗಳು ಬಂದವು, 180 ಮೆಚ್ಚುಗೆಯವು. ಆದ್ದರಿಂದ ವೀಕ್ಷಕರಲ್ಲಿ ಮೆಚ್ಚದವರಿಗಿಂತ ಮೆಚ್ಚಿದವರೇ ಹೆಚ್ಚು ಎಂದು ನಿರ್ಮಾಪಕನ ವಾದ. ‘ಮರು ತಿಂಗಳು ಇನ್ನೂ 300 ಪ್ರತಿಕ್ರಿಯೆಗಳು ಬಂದವು, 270 ಮೆಚ್ಚುಗೆಯವು’ ಎಂಬುದು ಒಂದು ಆಯ್ಕೆ. ‘ಕಾರ್ಯಕ್ರಮ ಇಷ್ಟವಾಗದವರೇ ಇಷ್ಟವಾದವರಿಗಿಂತ ಹೆಚ್ಚಾಗಿ ಬರೆದು ತಿಳಿಸುತ್ತಾರೆ’ ಎಂಬುದು ಇನ್ನೊಂದು. ಯಾವುದು?

ಮೊದಲನೆಯದು ಹಳೆಯ ಆಧಾರದ ಇನ್ನೊಂದು ಬೊಗಸೆ. ಅನುಮಾನ ಇದ್ದದ್ದು ಬರೆದವರ ಸಂಖ್ಯೆಯ ಬಗ್ಗೆ ಅಲ್ಲ, ಬರೆಯದೆ ಉಳಿದವರ ಬಗ್ಗೆ. ಮೆಚ್ಚಿದವರಷ್ಟೇ ಉತ್ಸಾಹದಿಂದ ಬರೆದು, ಬೇಸರಗೊಂಡವರು ಚಾನೆಲ್ ಬದಲಾಯಿಸಿ ಸುಮ್ಮನಾಗಿದ್ದರೆ? ಎರಡನೆಯ ಆಯ್ಕೆ ಆ ಬಾಗಿಲನ್ನು ಮುಚ್ಚುತ್ತದೆ. ಬೈಯುವವರೇ ಹೆಚ್ಚು ಬರೆಯುವ ಲೋಕದಲ್ಲಿಯೂ ಹತ್ತಕ್ಕೆ ಒಂಬತ್ತು ಮೆಚ್ಚುಗೆಯಾದರೆ, ಬರೆಯದವರಲ್ಲಿ ಮೆಚ್ಚಿದವರ ಪಾಲು ಇನ್ನೂ ಹೆಚ್ಚೇ ಇರಬೇಕು. ‘ಇಷ್ಟವಾಗದವರು’ ಎಂಬ ಮಾತು ಕಂಡ ಕೂಡಲೇ ಇದು ದುರ್ಬಲಗೊಳಿಸುವ ಆಯ್ಕೆ ಎಂದು ಮುಂದೆ ಹೋದವರಿಗೆ ಅಂಕ ಹೋಯಿತು. ಎರಡೇ ನಿಮಿಷದ ಅವಸರದಲ್ಲಿಯೂ ವಾಕ್ಯದ ಧ್ವನಿಯನ್ನು ಬಿಟ್ಟು ಅದರ ಕೆಲಸವನ್ನು ನೋಡಬೇಕೆನ್ನುವುದು ಇದಕ್ಕೇ.

ಕೊನೆಯದಾಗಿ ಒಂದು ತಿರುಗುಮುರುಗು ಪ್ರಶ್ನೆ. ಇಂಗ್ಲಿಷಿನಲ್ಲಿ ‘ಎಕ್ಸೆಪ್ಟ್’ ಎಂದು ದೊಡ್ಡಕ್ಷರದಲ್ಲಿ ಮುದ್ರಿಸಿರುತ್ತಾರೆ, ಆದರೂ ಕಣ್ತಪ್ಪುತ್ತದೆ. ಕೆಳಗಿನವುಗಳಲ್ಲಿ ನಾಲ್ಕು ವಾದವನ್ನು ಬಲಪಡಿಸುತ್ತವೆ. ಬಲಪಡಿಸದ ಒಂದನ್ನು ನೀವು ಹುಡುಕಬೇಕು.

ಒಂದು ಕಾಲೇಜಿನಲ್ಲಿ ವಾರಕ್ಕೊಂದು ಮಾದರಿ ಪರೀಕ್ಷೆ ಬರೆಯುವ ಗುಂಪಿನಲ್ಲಿದ್ದವರಿಗೆ ಪ್ರವೇಶ ಪರೀಕ್ಷೆಯಲ್ಲಿ ಉಳಿದವರಿಗಿಂತ ಸರಾಸರಿ ಹೆಚ್ಚು ಅಂಕ ಬಂದವು. ಆದ್ದರಿಂದ ಮಾದರಿ ಪರೀಕ್ಷೆಗಳು ಅಂಕವನ್ನು ಹೆಚ್ಚಿಸುತ್ತವೆ.

(ಅ) ಎರಡೂ ಗುಂಪಿನವರ ಹಿಂದಿನ ವರ್ಷದ ಅಂಕಗಳ ಸರಾಸರಿ ಹೆಚ್ಚುಕಡಿಮೆ ಒಂದೇ ಆಗಿತ್ತು.
(ಆ) ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗಿತ್ತು.
(ಇ) ಮಾದರಿ ಪರೀಕ್ಷೆ ಬರೆದವರಲ್ಲಿ ಹೆಚ್ಚು ಸಲ ಬರೆದವರಿಗೆ ಹೆಚ್ಚು ಅಂಕ ಬಂದವು.
(ಈ) ಮಾದರಿ ಪರೀಕ್ಷೆಯ ಪ್ರಶ್ನೆಗಳನ್ನು ಅನುಭವಿ ಅಧ್ಯಾಪಕರು ಸಿದ್ಧಪಡಿಸಿದ್ದರು.
(ಉ) ಎರಡೂ ಗುಂಪಿನವರು ಮನೆಯಲ್ಲಿ ಓದುತ್ತಿದ್ದ ಸಮಯ ಒಂದೇ ಆಗಿತ್ತು.

ಇಲ್ಲಿ ದುರ್ಬಲಗೊಳಿಸುವ ಆಯ್ಕೆಯನ್ನು ಹುಡುಕುತ್ತಾ ಕೂತರೆ ಸಿಗುವುದಿಲ್ಲ, ಏಕೆಂದರೆ ಅಂಥದು ಇಲ್ಲ. ಬಲಪಡಿಸದಿರುವುದೇ ಬೇರೆ, ದುರ್ಬಲಗೊಳಿಸುವುದೇ ಬೇರೆ. ಮೊದಲೇ ಜಾಣರಾಗಿದ್ದವರು ಸೇರಿಕೊಂಡರೇನೋ ಎಂಬ ಅನುಮಾನವನ್ನು (ಅ) ಮತ್ತು (ಆ) ಕಳೆಯುತ್ತವೆ. ಹೆಚ್ಚು ಹೊತ್ತು ಓದಿದ್ದರಿಂದ ಬಂತೇನೋ ಎಂಬುದನ್ನು (ಉ) ಕಳೆಯುತ್ತದೆ. (ಈ) ನಮ್ಮ ಹಳೆಯ ಪರಿಚಯದ್ದೇ, ಸರಿಯಾದ ಅಳತೆಯ ಹಂಪ್. ಉತ್ತರ ಅದು. (ಇ) ಬಗ್ಗೆ ನೀವು ತಡವರಿಸಿರಬಹುದು: ಹೆಚ್ಚು ಆಸಕ್ತಿ ಇದ್ದವರೇ ಹೆಚ್ಚು ಸಲ ಬರೆದರೇನೋ ಎಂದು. ತಡವರಿಸಿದ್ದು ಸರಿಯೇ. ಅದು ಕೊಡುವ ಬಲ (ಆ) ಕೊಡುವಷ್ಟಿಲ್ಲ. ಆದರೂ ಸ್ವಲ್ಪವಾದರೂ ಕೊಡುತ್ತದೆ, (ಈ) ಅದನ್ನೂ ಕೊಡುವುದಿಲ್ಲ.